ನಾಲ್ಕು ಹಲ್ಲು, ಇಪ್ಪತ್ತಮೂರು ಬ್ರಷ್ಷು

ನನ್ನ ಬಾಯಲ್ಲಿ ಉಳಿದಿರುವುದು ನಾಲ್ಕು ಹಲ್ಲು. ನನ್ನ ಹತ್ತಿರ ಇರುವುದು ಇಪ್ಪತ್ತಮೂರು ಹಲ್ಲುಜ್ಜುವ ಬ್ರಷ್ಷು. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ಬಿಡುವು ಕೊಡುವವಳಲ್ಲ ನಾನು.

ಇವು ನಾನು ಕೊಂಡ ಬ್ರಷ್ಷುಗಳಲ್ಲ, ಕೇಳಿ ಪಡೆದವು. ಬಸ್ಸಿನಲ್ಲಿ ಪಕ್ಕ ಕೂತವಳ ಜೊತೆ ಎರಡು ಮಾತಾಡಿದರೆ ಮೂರನೆಯದು ಇದೇ: "ನಿಮ್ಮನೇಲಿ ಹಳೇ ಬ್ರಷ್ ಇದ್ರೆ ಬಿಸಾಕ್ಬ್ಯಾಡಿ ತಾಯಿ, ನಂಗೆ ಕೊಡಿ." ಆ ಹೊತ್ತಿಗೆ ನನ್ನ ಸೊಸೆ ಗೌರಿ ಕಿಟಕಿಯಾಚೆ ಮುಖ ತಿರುಗಿಸಿ, ನಾನು ಯಾರೋ ಅವಳು ಯಾರೋ ಎಂಬಂತೆ ಯೂಕಲಿಪ್ಟಸ್ ಮರ ನೋಡುತ್ತಿರುತ್ತಾಳೆ. ಹೊಸ ಬ್ರಷ್ಷು ನನ್ನ ಕೆಲಸಕ್ಕೆ ಬರುವುದಿಲ್ಲ. ಅದರ ಕೂದಲು ಗಡಸು, ಬಟ್ಟೆಯ ನೂಲು ಎಬ್ಬಿಸಿಬಿಡುತ್ತದೆ. ಯಾರಾದರೂ ಮೂರು ತಿಂಗಳು ಉಜ್ಜಿ ಅದರ ಸೊಕ್ಕು ಇಳಿಸಿರಬೇಕು. ಸಮಾಧಾನದ ಮನುಷ್ಯರ ಬ್ರಷ್ಷಿನ ಕೂದಲು ನೇರವಾಗಿ ನಿಂತಿರುತ್ತದೆ, ಅದು ಶೂವಿನ ಮೈಗೆ. ಸಿಡುಕರ ಬ್ರಷ್ಷು ನಾಲ್ಕೂ ದಿಕ್ಕಿಗೆ ಕೆದರಿರುತ್ತದೆ, ಅದು ಅಟ್ಟೆಯ ಸಂದಿಗೆ. ನನ್ನ ಮಗ ಸಿದ್ದರಾಜುವಿನ ಬ್ರಷ್ಷು ಎರಡೇ ತಿಂಗಳಿಗೆ ನನ್ನ ಕೈಗೆ ಬರುತ್ತದೆ.

ಊಟಿ ಮಾರ್ಕೆಟ್ಟಿನಿಂದ ಮೇಲೆ ಹತ್ತುವ ರಸ್ತೆಯಲ್ಲಿ ನಮ್ಮದೊಂದು ಚಪ್ಪಲಿ ಹೊಲಿಯುವ ಅಂಗಡಿ. ಅಂಗಡಿ ಎಂದರೆ ದೊಡ್ಡ ಮಾತಾಯಿತು; ತಗಡಿನ ಮಾಡು, ಮೂರು ಕಡೆ ಹಲಗೆ, ನಾಲ್ಕನೆಯದು ಬೇಕರಿಯ ಗೋಡೆ. ನಮ್ಮ ಮಾವ ಗುಂಡ್ಲುಪೇಟೆ ಕಡೆಯಿಂದ ರಂಪಿಗೆ, ದಬ್ಬಳ, ಮೂರು ಕಾಲಿನ ಕಬ್ಬಿಣ ಇಷ್ಟನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಘಾಟಿ ಹತ್ತಿ ಬಂದವರು. ರಂಪಿಗೆ ಚರ್ಮ ಕೊಯ್ಯುವುದಕ್ಕೆ, ದಬ್ಬಳ ಹೊಲಿಯುವುದಕ್ಕೆ, ಕಬ್ಬಿಣ ಶೂ ಸಿಗಿಸಿ ಬಡಿಯುವುದಕ್ಕೆ. ಚಳಿ ತಾಳದೆ ಅವರು ಆಯ್ದ ಜಾಗ ಇದು, ಬೇಕರಿಯ ಒಲೆಯ ಹಿಂಗೋಡೆ. ಗರಿಗರಿ ವರ್ಕಿ ಬಿಸ್ಕತ್ತು ಸುಡುವ ಸೌದೆ ಒಲೆ ಹಗಲೆಲ್ಲ ಉರಿಯುತ್ತದೆ, ಗೋಡೆ ಬೆಚ್ಚಗಿರುತ್ತದೆ. ಇಡೀ ಊಟಿ ಸ್ವೆಟರಿನಲ್ಲಿ ನಡುಗುವಾಗ ನಾವು ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತೇವೆ. ದೊಡ್ಡ ಬಂಗಲೆಯವರಿಗೂ ಆ ಸುಖವಿಲ್ಲ.

ಮಾವ ಹೋದ ಮೇಲೆ ನಮ್ಮ ಯಜಮಾನರು ಕೂತರು, ಅವರು ಹೋದ ಮೇಲೆ ಸಿದ್ದರಾಜು. ಕೂರುವುದು ಒಂದು ಹಲಗೆಯ ಮೇಲೆ, ಹೊನ್ನೆ ಮರದ್ದು, ಮಾವನ ಕಾಲದ್ದು. ಆ ಹಲಗೆಯ ಮೇಲೆ ಹೆಂಗಸರು ಕೂರುವಂತಿಲ್ಲ. ಯಾಕೆ ಎಂದು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯನ್ನು ಕೇಳಿದ್ದೆ. "ಅದ್ಯಾಕೆ ಕೇಳೀಯೆ, ಕೂತ್ರೆ ಎದ್ದೇಳೋಕ್ಕೆ ಟೈಮ್ ಎಲ್ಲದೆ ನಿಂಗೆ?" ಎಂದರು. ಅದೂ ನಿಜವೇ.

ನನ್ನ ಜಾಗ ಹಿಂದೆ. ಗೋಡೆಗೂ ಹಲಗೆಗೂ ನಡುವೆ ಒಂದು ಮೊಳ ಜಾಗ, ಒಂದು ತಗಡಿನ ತೊಟ್ಟಿ, ನಾನು.

ಆಗೆಲ್ಲ ಬೋರ್ಡಿಂಗ್ ಸ್ಕೂಲುಗಳ ಬಿಳಿ ಕ್ಯಾನ್ವಾಸ್ ಶೂ ಬರುತ್ತಿದ್ದವು. ಶನಿವಾರ ಸ್ಕೂಲಿನ ಆಯಾ ಮೂಟೆ ತಂದು ಸುರಿದು ಹೋಗುತ್ತಿದ್ದಳು. ಹರಿದದ್ದನ್ನು ಯಜಮಾನರು ಹೊಲಿಯುವರು, ಉಳಿದದ್ದೆಲ್ಲ ನನಗೆ. ಲಾಡಿ ಬಿಚ್ಚಿ, ಒಳಗಿನ ಅಟ್ಟೆ ಎಳೆದು, ಸೋಪಿನ ನೀರಲ್ಲಿ ಉಜ್ಜಿ, ಮೂರು ಸಲ ತೊಳೆದು, ಚಾಕ್‌ಪೀಸಿನ ಪುಡಿ ಕಲಸಿ ಹಚ್ಚಿ, ಒಣಗಿಸುವುದು. ಹೇಳುವುದಕ್ಕೆ ಒಂದು ಉಸಿರು, ಮಾಡುವುದಕ್ಕೆ ಭಾನುವಾರ ಪೂರ್ತಿ. ಅದರಲ್ಲೂ ಒಣಗಿಸುವುದು. ಊಟಿಯ ಮಂಜಿನಲ್ಲಿ ಒದ್ದೆ ಶೂ ಮೂರು ದಿನವಾದರೂ ಒದ್ದೆಯೇ. ಅಪರೂಪಕ್ಕೆ ಬಿಸಿಲು ಬಂದಿತೆಂದು ಹೊರಗಿಟ್ಟರೆ ಸೋಪು ಉಳಿದ ಜಾಗವೆಲ್ಲ ಹಳದಿ ತಿರುಗಿ, ಹಲ್ಲುಜ್ಜದವನ ನಗುವಿನ ಹಾಗೆ ಕಾಣುತ್ತದೆ. ನಾನೇ ಕಂಡುಕೊಂಡ ಉಪಾಯವೆಂದರೆ, ತೊಳೆದ ಶೂವಿಗೆ ತೆಳ್ಳನೆಯ ಬಿಳಿ ಕಾಗದ ಸುತ್ತಿ, ಒಳಗೆ ಪೇಪರು ತುರುಕಿ, ಬೇಕರಿ ಗೋಡೆಗೆ ಸಾಲಾಗಿ ಒರಗಿಸುವುದು. ಬರುವ ಹಳದಿಯೆಲ್ಲ ಕಾಗದಕ್ಕೆ ಹೋಗುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಎರಡನೇ ಕ್ಲಾಸಿನವರೆಗೆ ನಾನು ಓದಿದ ಪುಸ್ತಕದಲ್ಲಂತೂ ಇರಲಿಲ್ಲ.

ಒಮ್ಮೆ ರೇಷನ್ ಕಾರ್ಡಿಗೆ ಹೆಸರು ಬರೆದುಕೊಳ್ಳುವವರು ಬಂದಿದ್ದರು. "ಮನೆಯವರು ಏನ್ ವೇಲೆ ಮಾಡ್ತಾರೆ?" ಎಂದು ಅರ್ಧ ತಮಿಳಿನಲ್ಲಿ ಯಜಮಾನರನ್ನು ಕೇಳಿದರು.

"ಏನೂ ಇಲ್ಲ ಸಾರ್. ಸುಮ್ನೆ ಮನೇಲವ್ಳೆ" ಎಂದರು ನಮ್ಮವರು.

ನಾನು ಅವರ ಹಿಂದೆಯೇ ಕೂತಿದ್ದೆ, ಮೊಣಕೈವರೆಗೆ ಚಾಕ್‌ಪೀಸಿನ ಪುಡಿ ಮೆತ್ತಿಕೊಂಡು. ಸುತ್ತ ಅರವತ್ತು ಶೂ. ಬರೆದುಕೊಳ್ಳುವವನು ನನ್ನನ್ನೂ ನೋಡಿದ, ಶೂಗಳನ್ನೂ ನೋಡಿದ, 'ಸುಮ್ಮನೆ ಮನೆಯಲ್ಲಿ' ಎಂದು ಬರೆದುಕೊಂಡು ಹೋದ. ಯಜಮಾನರು ಕೆಟ್ಟವರಲ್ಲ. ಕುಡಿಯಲಿಲ್ಲ, ಹೊಡೆಯಲಿಲ್ಲ, ಜ್ವರ ಬಂದರೆ ಬನ್ನು ತಂದುಕೊಡುತ್ತಿದ್ದರು. ಅವರಿಗೆ ಅದು ಕೆಲಸವೆಂದು ಹೊಳೆದಿರಲಿಲ್ಲ, ಅಷ್ಟೆ. ಸೂಜಿ ಹಿಡಿದರೆ ಕಸುಬು, ನೀರು ಮುಟ್ಟಿದರೆ ಮನೆಗೆಲಸ. ಹೀಗೆಂದು ಯಾರು ತೀರ್ಮಾನ ಮಾಡಿದರೋ, ಅವರ ಕೈಗೆ ಒಂದು ಭಾನುವಾರ ನನ್ನ ತೊಟ್ಟಿ ಕೊಡಬೇಕೆಂದು ನನಗೆ ಬಹಳ ಆಸೆ.

ಹಲಗೆಯ ಮಾತು ಹೇಳಿದೆನಲ್ಲ, ಅದರ ಇನ್ನೊಂದು ಸಂಗತಿ ಇದೆ. ನಮ್ಮಲ್ಲಿ ಆಯುಧಪೂಜೆಯ ದಿನ ಆ ಹಲಗೆಯನ್ನು ತಿರುವಿ ಹಾಕುತ್ತೇವೆ. ವರ್ಷವೆಲ್ಲ ಕೂತ ಮಗ್ಗುಲು ಕೆಳಗೆ, ಕೂರದ ಮಗ್ಗುಲು ಮೇಲೆ. ಅದರ ಮೇಲೆ ಸಾಮಾನುಗಳನ್ನು ಸಾಲಾಗಿ ಇಟ್ಟು ಅರಿಶಿನ ಕುಂಕುಮ ಹಚ್ಚುವುದು. ಹಲಗೆಗೆ ಏರಿದ ಸಾಮಾನು ಬರುವ ಪೂಜೆಯವರೆಗೆ ದುಡಿಯಲೇಬೇಕು. ದುಡಿಸುವ ಮನಸ್ಸಿಲ್ಲದಿದ್ದರೆ ಏರಿಸಬಾರದು. ಏರಿಸಿದ ಮೇಲೆ ಮಾರನೆಯ ಬೆಳಗಿನವರೆಗೆ ಯಾರೂ ಮುಟ್ಟಬಾರದು. ವೆಲ್ಲಿಂಗ್ಟನ್ನಿನ ಸಿಪಾಯಿಗಳ ಬೂಟಿಗೆ ಮೊಳೆ ಹೊಡೆಯುವ ಒಂದು ಗುಂಡು ತಲೆಯ ಸುತ್ತಿಗೆ ಇತ್ತು. ಮೊಳೆಯ ಬೂಟು ನಿಂತ ವರ್ಷ ಯಜಮಾನರು ಆ ಸುತ್ತಿಗೆಯನ್ನು ಒರೆಸಿ, ಎಣ್ಣೆ ಹಚ್ಚಿ, ಹಲಗೆಗೆ ಏರಿಸದೆ ಗೋಣಿಯಲ್ಲಿ ಸುತ್ತಿಟ್ಟರು. ಅಂದು ಮಧ್ಯಾಹ್ನ ಅವರು ಊಟ ಮಾಡಲಿಲ್ಲ. ನಾನು ಮಾಡಿದೆ. ಪಾಯಸ ಇತ್ತು.

ಪ್ರತಿವರ್ಷ ಆ ಹಲಗೆಯನ್ನು ಉಜ್ಜಿ ತೊಳೆಯುತ್ತಿದ್ದವಳು ನಾನು. ಯಾವುದರಿಂದ? ಬ್ರಷ್ಷಿನಿಂದ. ಆ ಬ್ರಷ್ಷು ಒಂದು ವರ್ಷವಾದರೂ ಹಲಗೆಗೆ ಏರಲಿಲ್ಲ.

ಆಮೇಲೆ ಕ್ಯಾನ್ವಾಸ್ ಶೂ ಬರುವುದು ನಿಂತಿತು. ಚರ್ಮದ ಶೂವೂ ಕಡಿಮೆಯಾಯಿತು. ಈಗಿನವು ಅಂಟಿಸಿದ ಶೂಗಳು; ಬಾಯಿ ಬಿಟ್ಟರೆ ಬಿಸಾಕಿ ಬೇರೆ ತರಿಸುತ್ತಾರೆ. ಸಿದ್ದರಾಜು ಕೊಡೆಯ ಕಡ್ಡಿ, ಬ್ಯಾಗಿನ ಜಿಪ್ಪು ಎಂದು ದಿನ ದೂಡುತ್ತಿದ್ದ. ಹೋದ ವರ್ಷ ಆಷಾಢದ ಮಳೆ ನಿಂತ ಮೇಲೆ ಒಬ್ಬ ಮನುಷ್ಯ ಟೇಪು ಹಿಡಿದು ಬಂದು ನಮ್ಮ ಅಂಗಡಿಯನ್ನು ಅಳೆದ. ಮೊಬೈಲಿನ ಕವರು ಮಾರುವವನಂತೆ. ನನ್ನ ತೊಟ್ಟಿಯನ್ನು ಕಾಲಿನಿಂದ ಸರಿಸಿ, ಆ ಜಾಗವನ್ನೂ ಅಳೆದ. ಅವನ ಬಿಳಿ ಶೂ ನೋಡಿದೆ. ಮಾರ್ಕೆಟ್ಟಿನ ಕ್ಯಾರೆಟ್ ತೊಳೆದ ಕೆಸರು ವಾರದಿಂದ ಒಣಗಿ ಕೂತಿತ್ತು.

"ಯಾರ್ಲಾ ಅಂವ?" ಎಂದು ಮಗನನ್ನು ಕೇಳಿದೆ.

"ಆಯುಧಪೂಜೆ ಕಳೀಲಿ ಕನವ್ವ. ಆಮೇಲೆ ಅಂಗಡಿ ಅವ್ನಿಗೆ ಬುಟ್ಬುಡ್ತೀನಿ. ಬೀಗದ ಕೈ ಕೊಡ್ತೀನಿ ಅಂತ ಮಾತಾಗದೆ."

"ನೀನೇನು ಮಾಡೀಯೆ?"

"ಯಾವ್ದಾರ ಹೋಟ್ಲಲ್ಲಿ ವಾಚ್‌ಮನ್ ಕೆಲ್ಸ ನೋಡ್ತೀನಿ."

"ನಾನು?"

"ನೀನು ಸುಮ್ನೆ ಮನೇಲಿರು."

ಅಪ್ಪನ ಬಾಯಿಂದ ಬಂದ ಅದೇ ಮಾತು ಮಗನ ಬಾಯಿಂದಲೂ. ಚಹಾ ಕುಡಿಯುತ್ತಿದ್ದೆ. ಲೋಟ ಕೆಳಗಿಟ್ಟೆ. ನನಗೆ ಸಿಟ್ಟು ಬಂದರೆ ಕೂಗುವುದಿಲ್ಲ, ಏನಾದರೂ ತೊಳೆಯುತ್ತೇನೆ. ಆ ದಿನ ತೊಳೆಯುವುದಕ್ಕೆ ಕೈಗೆ ಸಿಕ್ಕಿದ್ದು ಮಸಿನಗುಡಿಯ ಜೀಪ್ ಡ್ರೈವರ್ ಕೇತನ ಶೂ.

ಕೇತ ಅಟ್ಟೆ ಅಂಟಿಸಲು ಕೊಟ್ಟು ಹೋಗಿದ್ದ. ಕಾಡಿನ ಧೂಳಿನಲ್ಲಿ ದಿನಕ್ಕೆ ನಾಲ್ಕು ಸಲ ಜೀಪು ಓಡಿಸುವವನಿಗೆ ಬಿಳಿ ಶೂ ಯಾಕೆ ಬೇಕು ಎಂದು ಕೇಳಬೇಡಿ. ಅವನ ಕಾಲು, ಅವನಿಷ್ಟ. ಆ ಶೂ ಹುಟ್ಟಿದಾಗ ಬಿಳಿಯಂತೆ, ನನ್ನ ಕೈಗೆ ಬಂದಾಗ ಇಟ್ಟಿಗೆಯ ಬಣ್ಣ. ಸಿಟ್ಟಿನ ಕೈಯಲ್ಲಿ ಉಜ್ಜಿದೆ. ಮೂರು ನೀರು ಕೆಂಪಾಗಿ ಹೋಯಿತು. ಮೂರನೆಯ ದಿನ ಸಂಜೆ ಕೇತ ಬಂದು, "ನನ್ನ ಶೂ ಎಲ್ಲಿ?" ಎಂದ. ಕೈಯಲ್ಲಿ ಕೊಟ್ಟೆ. "ಇದಲ್ಲ ಅಜ್ಜಿ, ನನ್ನದು ಹಳೇದು" ಎಂದು ವಾಪಸು ಕೊಟ್ಟ. ಸಿದ್ದರಾಜು ಅಟ್ಟೆಯ ಅಂಟು ತೋರಿಸಿದ ಮೇಲೆ ನಂಬಿದ. ಹಾಕಿಕೊಂಡು ಹೊರಗೆ ಹೋಗಿ, ಬೇಕರಿಯ ಗಾಜಿನಲ್ಲಿ ಕಾಲು ನೋಡಿಕೊಂಡು ಬಂದ. ಮದುವೆ ಗಂಡು ಕೂಡ ಅಷ್ಟು ನೋಡಿಕೊಂಡಿರಲಿಕ್ಕಿಲ್ಲ.

ಮರುವಾರ ಕೇತ ನಾಲ್ಕು ಜೊತೆ ತಂದ, ಅವನ ಜೊತೆಯ ಡ್ರೈವರುಗಳದ್ದು. ಗೌರಿ ಅರ್ಧ ತೊಳೆದ ಒಂದು ಜೊತೆಯ ಫೋಟೊ ತೆಗೆದು, ಒಂದು ಕಾಲು ಕೊಳೆ ಒಂದು ಕಾಲು ಬಿಳಿ, ಫೋನಿನಲ್ಲಿ ಎಲ್ಲರಿಗೂ ಕಳಿಸಿದಳು. ಬಸ್ಸಿನಲ್ಲಿ ಕಿಟಕಿ ನೋಡುವವಳು ಫೋನಿನಲ್ಲಿ ಎಷ್ಟು ಧೈರ್ಯಸ್ಥೆ ಎಂದು ಆಗಲೇ ಗೊತ್ತಾದದ್ದು. ಅಲ್ಲಿಂದ ಶೂಗಳು ಬರತೊಡಗಿದವು. ಇವಕ್ಕೆ ಈಗ ಸ್ನೀಕರ್ ಎನ್ನುತ್ತಾರೆ. ನನಗೆ ಕ್ಯಾನ್ವಾಸ್ ಶೂವಿನ ಮೊಮ್ಮಕ್ಕಳ ಹಾಗೆ ಕಂಡವು. ಅಜ್ಜಿಗಿಂತ ದಪ್ಪ, ಅಜ್ಜಿಗಿಂತ ಬಣ್ಣ, ಆದರೆ ಮಾಡಿಕೊಂಡು ಬರುವ ಕೊಳೆ ಅದೇ.

ಕೊಳೆ ಓದುವುದು ನನಗೆ ಅಕ್ಷರ ಓದುವುದಕ್ಕಿಂತ ಸಲೀಸು. ಮಸಿನಗುಡಿಯದು ಕೆಂಪು ಧೂಳು, ಒಣಗಿದ್ದಾಗಲೇ ಕೊಡವಬೇಕು, ನೀರು ಮುಟ್ಟಿದರೆ ಒಳಗೆ ಇಳಿಯುತ್ತದೆ. ಮಂಜೂರಿನದು ಟೀ ತೋಟದ ಕಪ್ಪು ಮಣ್ಣು, ಜೊತೆಗೆ ಎಲೆಯ ಕರೆ. ಅದಕ್ಕೆ ಹುಳಿ ಬೇಕು. ವೆಲ್ಲಿಂಗ್ಟನ್ ಕಡೆಯವರ ಶೂವಿನಲ್ಲಿ ಕೊಳೆಯೇ ಇರುವುದಿಲ್ಲ, ಆದರೂ ತಂದುಕೊಡುತ್ತಾರೆ, ಪರೇಡಿನ ಗಾಳಿ. ಒಬ್ಬ ಗಂಡಸು ಕುನ್ನೂರಿಗೆ ಕೆಲಸಕ್ಕೆ ಹೋಗುತ್ತೇನೆಂದು ಹೆಂಡತಿಗೆ ಹೇಳಿ ಎಲ್ಲಿಗೆ ಹೋಗುತ್ತಿದ್ದನೆಂದು ಅವನ ಅಟ್ಟೆಯ ಸಂದಿ ನನಗೆ ಹೇಳಿದೆ. ನಾನು ಯಾರಿಗೂ ಹೇಳಿಲ್ಲ. ನಿಮಗೂ ಹೇಳುವುದಿಲ್ಲ.

ಎಲ್ಲ ನೆಟ್ಟಗೆ ನಡೆಯಿತು ಎಂದರೆ ಸುಳ್ಳಾಗುತ್ತದೆ. ಮೊದಲ ತಿಂಗಳೇ ನಾನೊಂದು ಎಡವಟ್ಟು ಮಾಡಿದೆ. ಹಳೆಯ ಅಭ್ಯಾಸದಂತೆ ಎಂಟು ಜೊತೆ ಸ್ನೀಕರನ್ನು ಬೇಕರಿ ಗೋಡೆಗೆ ಒತ್ತಿ ಒರಗಿಸಿದೆ. ಕ್ಯಾನ್ವಾಸ್ ಶೂ ಹೊಲಿದದ್ದು, ಅದಕ್ಕೆ ಏನೂ ಆಗುತ್ತಿರಲಿಲ್ಲ. ಇವು ಅಂಟಿಸಿದವು. ಸಂಜೆ ಕಾಗದ ಬಿಚ್ಚಿದರೆ ಹದಿನಾರು ಶೂಗಳೂ ಬಾಯಿ ತೆರೆದು ನನ್ನನ್ನೇ ನೋಡುತ್ತಿವೆ, ಹಸಿದ ಮೊಸಳೆಗಳ ಹಾಗೆ. ಬೇಕರಿ ಕಾಕಾ ಇಣುಕಿ ನೋಡಿ, "ಅಮ್ಮಾ, ನನ್ನ ವರ್ಕಿಗಿಂತ ನಿಮ್ಮದೇ ಚೆನ್ನಾಗಿ ಬೆಂದಿದೆಯಲ್ಲಾ!" ಎಂದ.

"ನಿನ್ನ ಒಲೆಗೆ ಅಷ್ಟು ಸೌದೆ ಯಾಕೆ ಹಾಕ್ದೆ?" ಎಂದು ಅವನನ್ನೇ ಬೈದೆ. ತಪ್ಪು ನನ್ನದೇ. ಆದರೆ ಬೈಯುವಾಗ ಅದನ್ನೆಲ್ಲ ನೋಡುತ್ತಾ ಕೂರುವುದಕ್ಕಾಗುತ್ತದೆಯೇ?

ಹದಿನಾರನ್ನೂ ಸಿದ್ದರಾಜು ಅಂಟಿಸಿದ. ಅವನು ಮಾತಾಡಿದ್ದು ಮಾರನೆಯ ದಿನ. ಗೌರಿ ಒಂದು ರಟ್ಟಿನ ಮೇಲೆ 'ಇಲ್ಲಿ ಶೂ ತೊಳೆದು ಕೊಡಲಾಗುವುದು' ಎಂದು ತಮಿಳಿನಲ್ಲೂ ಕನ್ನಡದಲ್ಲೂ ಬರೆದು ಮುಂದೆ ತೂಗುಹಾಕಿದ್ದಳು. ಅದನ್ನು ಕಿತ್ತು ನನ್ನ ಮುಂದೆ ಹಾಕಿದ.

"ಮಾರ್ಕೆಟ್ಟಲ್ಲಿ ಏನಂತಾರೆ ಗೊತ್ತಾ ಅವ್ವ? 'ಸಿದ್ದರಾಜೂ, ಶೂ ಆಯ್ತು, ಸಾಕ್ಸ್ ಯಾವಾಗ ಒಗೀತೀಯಾ' ಅಂತಾರೆ. ನಮ್ಮಪ್ಪ ಹೊಲ್ದು ಬದುಕ್ದ. ಹೊಲಿಗೇಲಿ ಕೈಚಳಕ ಅದೆ, ಮರ್ಯಾದೆ ಅದೆ. ಊರೋರ ಕೊಳೆ ತೊಳೆಯೋದ್ರಲ್ಲಿ ಏನವ್ವ ಅದೆ? ನಮ್ಮನ್ನ ಇಷ್ಟ್ ದಿನ ಎಲ್ಲಿಟ್ಟಿದ್ರು ಜನ, ಮರ್ತೋಯ್ತಾ ನಿಂಗೆ?"

ಮರೆತಿರಲಿಲ್ಲ. ಊರಲ್ಲಿ ನಮ್ಮಪ್ಪ ಹೊಲಿದ ಮೆಟ್ಟು ಹಾಕಿಕೊಂಡವರು ಅಪ್ಪನಿಗೆ ನೀರು ಕೊಡುವಾಗ ಎತ್ತರದಿಂದ ಹುಯ್ಯುತ್ತಿದ್ದರು, ಅಪ್ಪ ಬೊಗಸೆ ಒಡ್ಡುತ್ತಿದ್ದ. ಹೊಲಿಗೆಯಲ್ಲಿ ಅಷ್ಟು ಮರ್ಯಾದೆ ಇದ್ದಿದ್ದರೆ ಆ ಬೊಗಸೆಗೆ ಒಂದು ಲೋಟ ಸಿಗಬೇಕಿತ್ತು.

"ಕೊಳೆ ಯಾರ್ದಲಾ?" ಎಂದು ಕೇಳಿದೆ.

"ಆಂ?"

"ಶೂ ಮೇಲಿರೋ ಕೊಳೆ ಯಾರ್ದು? ತಂದೋರ್ದು. ಕೊಳೆ ಮಾಡ್ದೋರ್ಗೆ ಇಲ್ದೇ ಇರೋ ನಾಚ್ಕೆ ತೆಗಿಯೋಳ್ಗೆ ಯಾಕೆ? ಹೊಲ್ದ್ರೆ ಮರ್ಯಾದೆ, ತೊಳುದ್ರೆ ಕೇವ್ಲ. ನಾನು ನೀನ್ ಹುಟ್ಟೋ ಮುಂಚಿಂದ ಇಲ್ಲೇ ಹಿಂದೆ ಕೂತು ತೊಳ್ದಿವ್ನಿ. ಆ ನೀರ್ನಲ್ಲೇ ನೀನು ಬೆಳ್ದಿರೋದು. ಆವಾಗ ಇಲ್ದಿದ್ ಕೇವ್ಲ ಬೋರ್ಡ್ ಹಾಕ್ದಾಗ ಎಲ್ಲಿಂದ ಬಂತು?"

ನಾನು ರಟ್ಟನ್ನು ಎತ್ತಿ ಮತ್ತೆ ತೂಗುಹಾಕಿದೆ. ಅವನು ಸಂಜೆ ಕಿತ್ತ. ನಾನು ಬೆಳಿಗ್ಗೆ ಹಾಕಿದೆ. ಹೀಗೆ ಹತ್ತು ದಿನ ನಡೆದು, ದಾರ ಪೋಣಿಸಿದ ತೂತು ಹರಿದು ರಟ್ಟು ಸಣ್ಣದಾಗುತ್ತಾ ಬಂತು. ಕೊನೆಗೆ 'ತೊಳೆದು ಕೊಡಲಾಗುವುದು' ಎಂದು ಮಾತ್ರ ಉಳಿಯಿತು. ಏನನ್ನು ಎಂದು ಇಲ್ಲ. ಒಬ್ಬ ಕಾರು ತಂದು ನಿಲ್ಲಿಸಿ, "ಇದನ್ನೂ ತೊಳೀತೀರಾ?" ಎಂದು ಕೇಳಿದ.

ಆಗ ಬಂದಳು ಮಂಜೂರಿನ ಸುಮತಿ. ಬಡಗರ ಹುಡುಗಿ, ಟೀ ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ. ನನ್ನನ್ನು 'ಹೆತ್ತೆ' ಎಂದು ಕರೆದಳು. ಅವರ ಮಾತಿನಲ್ಲಿ ಅಜ್ಜಿಗೆ ಹಾಗೆನ್ನುತ್ತಾರೆ. ಒಂದು ಜೊತೆ ಶೂ ಕೊಟ್ಟಳು, ಅಣ್ಣ ಕೊಯಮತ್ತೂರಿನಿಂದ ತಂದುಕೊಟ್ಟದ್ದಂತೆ. ಬಟ್ಟೆಯ ಶೂ, ಅಂಚೆಲ್ಲ ನೂಲು ಬಿಚ್ಚಿ ಜೋತಾಡುತ್ತಿದೆ. ನನಗೂ ವಿಚಿತ್ರವೆನಿಸಿತು. ಆದರೆ ನೂಲು ಎರಡು ಕಾಲಿಗೂ ಒಂದೇ ಅಳತೆಗೆ ಬಿಚ್ಚಿತ್ತು. ಸವೆದ ಶೂ ಎರಡೂ ಕಾಲಿಗೆ ಒಂದೇ ಥರ ಸವೆಯುವುದಿಲ್ಲ. ಮನುಷ್ಯರಾರೂ ಎರಡು ಕಾಲನ್ನು ಸಮನಾಗಿ ಊರುವುದಿಲ್ಲ. ಹಾಗಾದರೆ ಇದು ಬೇಕೆಂದೇ ಮಾಡಿದ್ದು ಎಂದುಕೊಂಡು ತೊಳೆದು, ಕಾಗದ ಸುತ್ತಿ, ಈ ಸಲ ಗೋಡೆಯಿಂದ ಒಂದು ಮೊಳ ದೂರ ಇಟ್ಟು ಮನೆಗೆ ಹೋದೆ.

ಮೂರನೆಯ ದಿನ ಬೆಳಿಗ್ಗೆ ಬಂದು ನೋಡಿದರೆ ನೂಲಿಲ್ಲ. ಸುತ್ತಲೂ ಮೇಣದ ದಾರದಲ್ಲಿ ಸಣ್ಣ ಸಣ್ಣ ಹೊಲಿಗೆ, ಅಕ್ಕಿಕಾಳು ಜೋಡಿಸಿದ ಹಾಗೆ. ಅಷ್ಟು ಚಂದದ ಹೊಲಿಗೆಯನ್ನು ಸಿದ್ದರಾಜು ವರ್ಷಗಳಿಂದ ಹಾಕಿರಲಿಲ್ಲ. ಹರಿದ ಶೂ ಕಣ್ಣಿಗೆ ಬಿದ್ದು ಅವನ ಕೈ ಸುಮ್ಮನಿರಲು ಆಗಲಿಲ್ಲ. ಅಪ್ಪನದೇ ಕೈ. ಯಾರೂ ಹೇಳಿರಲಿಲ್ಲ, ಕೇಳಿರಲಿಲ್ಲ.

ಸುಮತಿ ಬಂದು ನೋಡಿದಳು. ಅಳತೊಡಗಿದಳು. "ಹೆತ್ತೆ, ಇದು ಎನ್ನ ಶೂ ಅಲ್ಲ."

"ನಿಂದೇ ಕನಮ್ಮ. ಹರ್ದಿತ್ತು, ಹೊಲ್ದಿವ್ನಿ" ಎಂದ ಸಿದ್ದರಾಜು, ಮೆಚ್ಚುಗೆ ಕಾಯುವವನ ಮುಖದಲ್ಲಿ.

"ಹರಿದಿಲ್ಲಣ್ಣಾ! ಅದು ಫ್ಯಾಶನ್! ಹಾಗೇ ಇರಬೇಕು!"

ಸಿದ್ದರಾಜು ಶೂವನ್ನು ನೋಡಿದ, ಹುಡುಗಿಯನ್ನು ನೋಡಿದ. ಅವನ ಮುಖ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ಬಾಳಿನಲ್ಲಿ ಕಲಿತದ್ದೊಂದೇ ವಿದ್ಯೆ, ಹರಿದದ್ದನ್ನು ಹರಿಯದಂತೆ ಮಾಡುವುದು. ಅದು ಬೇಡ ಎನ್ನುವ ಜನ ಎದುರಿಗೇ ನಿಂತಿದ್ದಾರೆ, ಅದೂ ಅಳುತ್ತಾ. ಅವನು ಎದ್ದು ಹೊರಗೆ ಹೋದ. ಬೇಕರಿಯ ಮೆಟ್ಟಿಲ ಮೇಲೆ ಕೂತ.

ಹುಡುಗಿಯನ್ನು ಸಂಜೆ ಬಾ ಎಂದು ಕಳಿಸಿದೆ. ಸೊಂಟದಿಂದ ಕನ್ನಡಕ ತೆಗೆದೆ. ಮೇಣದ ದಾರ ಕತ್ತರಿಸಿದರೆ ಬಟ್ಟೆಗೆ ಗಾಯ. ಒಂದೊಂದೇ ಹೊಲಿಗೆಯನ್ನು ದಬ್ಬಳದ ಮೊನೆಯಲ್ಲಿ ಎತ್ತಿ ಬಿಚ್ಚಬೇಕು. ಅದಕ್ಕೆ ಬೆಳಕು ಬೇಕು. ಬೆಳಕಿರುವುದು ಮುಂದೆ, ಹಲಗೆಯ ಹತ್ತಿರ. ನಾನು ಒಂದು ಗಳಿಗೆ ನಿಂತೆ. ಅತ್ತೆ ನೆನಪಾದರು. ಆಮೇಲೆ ಕೂತೆ, ಹಲಗೆಯ ಮೇಲೆ, ನಟ್ಟನಡುವೆ. ಮೂರು ತಲೆಮಾರು ಗಂಡಸರು ಕೂತು ಗುಳಿ ಮಾಡಿದ್ದಾರೆ ಅದರಲ್ಲಿ, ಬಹಳ ಸುಖವಾಗಿದೆ. ಹೇಳಲೇ ಇಲ್ಲ ನೋಡಿ ಒಬ್ಬರೂ.

ಮಧ್ಯಾಹ್ನದವರೆಗೆ ಬಿಚ್ಚಿದೆ. ನೂಲೆಲ್ಲ ಮೇಣ ಹಿಡಿದು ಅಂಟಿಕೊಂಡಿತ್ತು. ಸಿಡುಕರ ಬ್ರಷ್ಷೊಂದನ್ನು ಬಿಸಿನೀರಿಗೆ ಅದ್ದಿ, ಎಳೆ ಎಳೆಯಾಗಿ ಎಬ್ಬಿಸಿದೆ. ಆ ಬ್ರಷ್ಷು ಸಿದ್ದರಾಜುವಿನದೇ ಎಂದು ಅವನಿಗೆ ಗೊತ್ತಿಲ್ಲ. ನಡುವೆ ಒಮ್ಮೆ ಅವನು ಬಾಗಿಲಿಗೆ ಬಂದ. ನಾನು ಎಲ್ಲಿ ಕೂತಿದ್ದೇನೆಂದು ನೋಡಿದ. ಬಾಯಿ ತೆರೆದ. ನನ್ನ ಕೈಯಲ್ಲಿ ದಬ್ಬಳ ಇತ್ತು. ಮುಚ್ಚಿದ.

ಸಂಜೆ ಸುಮತಿ ಹಾಕಿಕೊಂಡು ನಕ್ಕಳು. "ಹೊಲಿಗೆ ತುಂಬಾ ಚಂದ ಇತ್ತು, ಹೆತ್ತೆ. ಆ ಅಣ್ಣನಿಗೆ ಹೇಳಿ" ಎಂದು ಮೆಲ್ಲಗೆ ಹೇಳಿ ಬಸ್ಸಿಗೆ ಓಡಿದಳು. ನಾನು ಹೇಳಲಿಲ್ಲ. ಅವನು ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡಿದ್ದ.

ಆಯುಧಪೂಜೆ ಬಂತು. ಈ ಸಲ ಸಿದ್ದರಾಜು ಕುಂಕುಮ ತರಲಿಲ್ಲ, ಹೂವು ತರಲಿಲ್ಲ. ರಂಪಿಗೆ, ದಬ್ಬಳ ಎಲ್ಲ ಗೋಣಿಚೀಲದಲ್ಲಿ ಹಾಕಿ ಮೂಲೆಯಲ್ಲಿ ಇಟ್ಟಿದ್ದ, ಅವನ ಅಜ್ಜ ತಂದ ಹಾಗೆಯೇ. ಬೆಳಿಗ್ಗೆ ನಾನೂ ಗೌರಿಯೂ ಬೇಗ ಹೋದೆವು. ಹಲಗೆ ತೊಳೆದೆ, ತಿರುವಿ ಹಾಕಿದೆ. ಸೆರಗಿನಿಂದ ಒರೆಸಿ, ಇಪ್ಪತ್ತಮೂರು ಬ್ರಷ್ಷನ್ನೂ ಸಾಲಾಗಿ ಇಟ್ಟೆ. ಒಂದೊಂದರ ಹಿಡಿಗೂ ಅರಿಶಿನ, ಒಂದೊಂದಕ್ಕೂ ಕುಂಕುಮ. ಕೆಂಪು, ನೀಲಿ, ಹಸಿರು ಪ್ಲಾಸ್ಟಿಕ್ಕಿನ ಮೇಲೆ ಕುಂಕುಮ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ, ಜಾರುತ್ತದೆ. ಒತ್ತಿ ಹಚ್ಚಿದೆ. ಕಾಕಾ ಇಣುಕಿ, "ಯಾರ ಯಾರ ಬಾಯೊಳಗೆ ಹೋದ್ದಕ್ಕೆಲ್ಲ ಪೂಜೆಯಾ ಅಮ್ಮಾ?" ಎಂದು ನಕ್ಕು, ಬಿಸಿ ವರ್ಕಿಯ ಒಂದು ಪೊಟ್ಟಣ ನೈವೇದ್ಯಕ್ಕೆ ಎಂದು ಕೊಟ್ಟ.

ಸಿದ್ದರಾಜು ಬಂದ. ಹಲಗೆ ನೋಡಿದ.

"ಏನವ್ವ ಇದು?"

"ನಂದು. ಇನ್ನೊಂದ್ ವರ್ಷ ದುಡೀಬೇಕು ಇವು. ಮುಟ್ಟೋ ಹಂಗಿಲ್ಲ, ಕುಂಕುಮ ಬಿದ್ದದೆ."

"ಅಂಗ್ಡೀನೇ ಇರಲ್ವಲ್ಲವ್ವ. ಎಲ್ಲಿ ದುಡೀತವೆ?"

"ಅದು ನಿಂಗೂ ಅಂವ್ಗೂ ಆಗಿರೋ ಮಾತು. ಬೀದೀಲಿ ತೊಟ್ಟಿ ಇಟ್ಕಂಡು ಕೂತ್ಕತೀನಿ. ನಾನು ಸುಮ್ನೆ ಮನೇಲಿರೋ ಹೆಂಗ್ಸಲ್ಲ."

ನಾನು ಊದುಬತ್ತಿ ಹಚ್ಚಿದೆ, ಅವನ ಕಡೆ ನೋಡಲಿಲ್ಲ. ಹಿಂದೆ ಗೋಣಿಚೀಲ ಬಿಚ್ಚುವ ಸದ್ದಾಯಿತು. ಮೂರು ಕಾಲಿನ ಕಬ್ಬಿಣ ನೆಲಕ್ಕೆ ತಗಲಿದ ಸದ್ದು ಇಡೀ ರಸ್ತೆಗೆ ಕೇಳುತ್ತದೆ. ಅವನು ರಂಪಿಗೆಯನ್ನು ತಂದು ಹಲಗೆಯ ತುದಿಯಲ್ಲಿಟ್ಟ. ಆಮೇಲೆ ದಬ್ಬಳ, ಆಮೇಲೆ ಕಬ್ಬಿಣ. ನನ್ನ ಬ್ರಷ್ಷುಗಳಿಗೂ ಅವನ ಸಾಮಾನಿಗೂ ನಡುವೆ ಒಂದು ಗೇಣು ಜಾಗ ಬಿಟ್ಟಿದ್ದ. ಬಿಡಲಿ. ಗೌರಿ ಅಲ್ಲಿ ಬಾಳೆಹಣ್ಣು ಇಟ್ಟಳು.

ಮಾರನೆಯ ಬೆಳಿಗ್ಗೆ ಮೊಬೈಲ್ ಕವರಿನವನು ಬೀಗದ ಕೈಗೆ ಬಂದ. ಸಿದ್ದರಾಜು ಮುಂದೆ ಕೂತಿದ್ದ. ನಾನು ಹಿಂದೆ ಕೂತಿರಲಿಲ್ಲ. ಹಲಗೆ ಉದ್ದವಾಗಿದೆ, ಸರಿದು ಕೂತರೆ ಇಬ್ಬರಿಗೆ ಸಾಕು. ಬಂದವನು ಸಿದ್ದರಾಜುವನ್ನು ನೋಡಿದ, ಸಿದ್ದರಾಜು ನನ್ನನ್ನು ನೋಡಿದ, ನಾನು ಬಂದವನ ಕಾಲು ನೋಡಿದೆ. ಅದೇ ಶೂ. ಅದೇ ಕ್ಯಾರೆಟ್ ಕೆಸರು.

"ಬೀಗದ ಕೈ ಇಲ್ಲ ಕಣಪ್ಪ" ಎಂದೆ. "ಬಂದಿದ್ದೀಯೆ, ಶೂ ಬಿಚ್ಚು."

ಮುದುಕಿ ಬಿಚ್ಚು ಎಂದಳು, ಬಿಚ್ಚಿದ. ನಾನು ಎರಡನ್ನೂ ತೊಟ್ಟಿಯ ಪಕ್ಕ ಇಟ್ಟುಕೊಂಡೆ.

"ಅಯ್ಯೋ, ಯಾವಾಗ ಕೊಡ್ತೀರ?" ಎಂದ, ಬರಿಗಾಲನ್ನು ತಣ್ಣನೆಯ ನೆಲದಿಂದ ಎತ್ತಿ ಎತ್ತಿ ಇಡುತ್ತಾ.

ಉತ್ತರ ಕೊಟ್ಟವನು ಸಿದ್ದರಾಜು. ತಲೆ ಎತ್ತದೆ, ದಾರಕ್ಕೆ ಮೇಣ ಎಳೆಯುತ್ತಾ ಹೇಳಿದ:

"ಮೂರ್ ದಿನ ಆಯ್ತದೆ ಸಾರ್. ಬಿಸ್ಲಲ್ಲಿ ಇಡಂಗಿಲ್ಲ, ಹಳ್ದಿ ಆಗೋಯ್ತದೆ. ನಮ್ಮವ್ವ ಕಾಗ್ದ ಸುತ್ತಿ ಒಣುಗುಸ್ತಾಳೆ."

ಆ ಮನುಷ್ಯ ನನ್ನ ಹವಾಯಿ ಚಪ್ಪಲಿ ಹಾಕಿಕೊಂಡು ಇಳಿಜಾರಿನಲ್ಲಿ ಇಳಿದುಹೋದ. ಅದರ ಎಡಗಾಲಿನ ಬಾರು ಸಡಿಲವಾಗಿದೆ. ಮಾರ್ಕೆಟ್ ಮುಟ್ಟುವ ಮೊದಲೇ ಕಿತ್ತುಹೋಗುತ್ತದೆ, ಹೊಲಿಸಿಕೊಳ್ಳುವುದಕ್ಕೆ ಇಲ್ಲಿಗೇ ಬರಬೇಕು.